ಕಾಲು ತೊಳೆಯುವ ಗುರುವಾರ

ಸರ್ವಜ್ಞನಗರ, ಬೆಂಗಳೂರು
೨೭ ಫೆಬ್ರವರಿ ೨೦೨೪

ನಮ್ಮ ರೂತಳಿಗೆ,

ಯೇಸುವಿನ ಹೆಸರಿನಲ್ಲಿ ವಂದನೆ, ಅದರ ಬೆನ್ನಿಗೇ ಕ್ಷಮಾಪಣೆ. ಕ್ರಿಸ್‌ಮಸ್‌ಗೆ ನೀನು ಬರೆದ ಪತ್ರಕ್ಕೆ ಲೆಂಟ್ ಉಪವಾಸ ಶುರುವಾದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ಹೋದ ಸಲ ಅರ್ಧ ಹೊತ್ತು ನೀನು ‘ಆಂ? ಆಂ?’ ಅನ್ನುವುದರಲ್ಲೇ ಕಳೆಯಿತು. ಬೆಟಗೇರಿಯಲ್ಲಿ ನರ್ಸಿಂಗ್ ಕಲಿಯುವಾಗ ಹಾಸ್ಟೆಲಿನ ಆ ತುದಿಯ ಪಿಸುಮಾತೂ ನಿನ್ನ ಕಿವಿಗೆ ಬೀಳುತ್ತಿತ್ತು. ಈಗ ನೋಡು, ನಿನಗೆ ಕಿವಿ ಹೋಯಿತು, ನನಗೆ ಮಂಡಿ ಹೋಯಿತು. ಬಾಯಿ ಮಾತ್ರ ಇಬ್ಬರಿಗೂ ಗಟ್ಟಿಯಾಗಿದೆ.

ನಮ್ಮ ಬೀದಿಯ ಮರಗಳು ಈ ವರ್ಷ ಮೈತುಂಬ ಗುಲಾಬಿ ಹೂ ಬಿಟ್ಟಿವೆ. ಊರಿಗೆ ಊರೇ ನೀರಿಲ್ಲದೆ ಬಾಯಿ ಬಿಡುತ್ತಿರುವಾಗ ಇವಕ್ಕೆ ಇಷ್ಟು ಬಣ್ಣ ಎಲ್ಲಿಂದ ಬಂತೋ. ಮಧ್ಯಾಹ್ನ ಊಟವಾದ ಮೇಲೆ ಪರದೆ ಎಳೆದು ಮಲಗುತ್ತೇನೆ. ಈಸ್ಟ್ ಸ್ಟೇಷನ್ನಿನಲ್ಲಿ ರೈಲು ಹೋಗುತ್ತದೆ, ಮೂಲೆಯ ಬೇಕರಿಯಿಂದ ಬನ್ನಿನ ವಾಸನೆ ಬರುತ್ತದೆ, ನಿದ್ದೆಯೋ ಎಚ್ಚರವೋ ತಿಳಿಯದ ಆ ಹೊತ್ತಿಗೇ ಸುಜಯ ಬರುತ್ತಾನೆ. ಹೊಸ್ತಿಲಾಚೆ ನಿಂತಿರುತ್ತಾನೆ, ಕಾಲಿಗೆ ಕೆಸರು. ‘ಕಾಲು ತೊಳ್ಕೊಂಡು ಬರ್ತೀನಮ್ಮಾ’ ಅನ್ನುತ್ತಾನೆ. ಚಿಕ್ಕಂದಿನಿಂದ ನಾನೇ ಬೈದು ಬೈದು ಕಲಿಸಿದ ಮಾತಲ್ಲವೇ ಅದು? ಹಿತ್ತಲ ನಲ್ಲಿಯ ಕಡೆಗೆ ಹೋಗುತ್ತಾನೆ. ಅವನು ನಲ್ಲಿ ಬಿಡುವ ಸದ್ದಿಗೆ ನಾನು ಕಾಯುತ್ತೇನೆ. ಸದ್ದು ಬರುವುದಿಲ್ಲ, ಅವನೂ ಒಳಗೆ ಬರುವುದಿಲ್ಲ. ಇದು ಮೂರು ವರ್ಷದಿಂದ ಹೀಗೇ ನಡೆದಿದೆ.

ನಮ್ಮ ಬೀದಿಯ ಬೋರ್‌ವೆಲ್ ಬತ್ತಿದೆ, ಈಗ ಟ್ಯಾಂಕರ್ ನೀರೇ ಗತಿ. ಟ್ಯಾಂಕರಿನ ಹಾರ್ನ್ ಕೇಳಿದರೆ ನಾನು ಕಿಟಕಿ ಮುಚ್ಚುತ್ತೇನೆ. ಕೆ.ಆರ್. ಪುರದ ತಿರುವಿನಲ್ಲಿ ನನ್ನ ಮಗನ ಸ್ಕೂಟರಿಗೆ ಬಡಿದದ್ದು ಅಂಥದೇ ಒಂದು ಗಾಡಿ. ವಿಮಾನಪುರದ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸಿ ಮನೆಗೆ ಬರುತ್ತಿದ್ದವನು ಬರಲಿಲ್ಲ. ಈಗ ಬೀದಿಯವರೆಲ್ಲ ಬಿಂದಿಗೆ ಹಿಡಿದು ಓಡಿದರೂ ನಾನು ಹೋಗುವುದಿಲ್ಲ. ನನ್ನ ಪಾಲಿನದನ್ನು ಪಕ್ಕದ ಮನೆಯ ಉಮ್ಮೆ ಕುಲ್ಸುಂ ತುಂಬಿಸಿ ತಂದಿಡುತ್ತಾಳೆ, ಕೇಳುವುದೇ ಬೇಡ.

ಇನ್ನು ಮುಖ್ಯ ಸಮಾಚಾರ. ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಈಸ್ಟರಿನ ಹಿಂದಿನ ಗುರುವಾರ ಕಾಲು ತೊಳೆಯುವ ಪದ್ಧತಿ ಇದೆಯಲ್ಲ, ಕರ್ತನು ಸೊಂಟಕ್ಕೆ ಟವಲು ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಸಂಜೆಯ ನೆನಪಿಗೆ. ಕೇಳುವುದಕ್ಕೆ ಚೆಂದ. ಆದರೆ ಬರಬರುತ್ತಾ ಏನಾಗಿದೆ ಗೊತ್ತೇ? ಬುಧವಾರವೇ ಎಲ್ಲರೂ ಬ್ಯೂಟಿ ಪಾರ್ಲರಿಗೆ ಹೋಗಿ ಹಿಮ್ಮಡಿ ಉಜ್ಜಿಸಿಕೊಂಡು, ಉಗುರಿಗೆ ಬಣ್ಣ ಹಚ್ಚಿಸಿಕೊಂಡು ಬರುತ್ತಾರೆ. ಗುರುವಾರಕ್ಕೆ ತೊಳೆಯಲು ಏನೂ ಉಳಿದಿರುವುದಿಲ್ಲ. ನಾನೇನು ಕಡಿಮೆಯೇ? ಹಿಂದಿನ ದಿನ ಹಿಮ್ಮಡಿಗೆ ವ್ಯಾಸಲೀನ್ ತಿಕ್ಕಿಕೊಂಡೇ ಹೋಗುತ್ತಿದ್ದೆ. ನನ್ನ ಜೋಡಿ ಯಾವಾಗಲೂ ಲಿಲಿಯನ್ ಟೀಚರ್, ಕೂಟದ ಅಧ್ಯಕ್ಷೆ. ಸುಜಯ ಹೋದಾಗ ಈ ಮನೆಯಲ್ಲಿ ಒಲೆ ಹಚ್ಚಿ, ಅನ್ನ ಕಲಸಿ ನನ್ನ ಬಾಯಿಗಿಟ್ಟವರು ಅವರೇ. ಕೂಟದ ಹೆಂಗಸರು ಸರದಿ ಹಾಕಿಕೊಂಡು ನನ್ನ ಪಕ್ಕ ಮಲಗಿದರು. ಗಂಡನೂ ಇಲ್ಲದ, ಮಗನೂ ಇಲ್ಲದ ನನಗೆ ಬಂಧುಬಳಗ ಎಂದರೆ ಆ ಕೂಟವೊಂದೇ.

ಈ ವರ್ಷ ನಮ್ಮ ಚರ್ಚಿಗೆ ಬಂದಿರುವ ಪಾದ್ರಿ ಅಯ್ಯನವರು ಎಳೆಯರು, ಉತ್ಸಾಹ ಜಾಸ್ತಿ. ಈ ಸಲ ಒಬ್ಬೊಬ್ಬರೂ ತಮಗೆ ಎದುರು ಕೂರಲು ಕಷ್ಟವಾಗುವ ಒಬ್ಬರನ್ನು ಕರೆತಂದು ಅವರ ಕಾಲು ತೊಳೆಯಿರಿ ಎಂದರು. ಎಲ್ಲರಿಗೂ ನಗು. ಒಬ್ಬಳು ಅತ್ತೆ ಅಂದಳು, ಇನ್ನೊಬ್ಬಳು ಓರಗಿತ್ತಿ ಅಂದಳು. ನನ್ನ ಸರದಿ ಬಂದಾಗ ಮಾನಪ್ಪ ಅಂದೆ. ಯಾವ ಮಾನಪ್ಪ ಎಂದು ಯಾರೂ ಕೇಳಲಿಲ್ಲ. ಕೋರ್ಟಿಗೆ ನನ್ನ ಜೊತೆ ಬಂದವರೇ ಅವರೆಲ್ಲ. ಟ್ಯಾಂಕರ್ ಓಡಿಸುತ್ತಿದ್ದವನ ಹೆಸರು ಅವರಿಗೂ ಬಾಯಿಪಾಠವಾಗಿತ್ತು.

ಆ ಹೆಸರು ನನ್ನ ಬಾಯಿಗೆ ಸುಮ್ಮನೆ ಬರಲಿಲ್ಲ ರೂತ್. ಕುಲ್ಸುಂಳ ಗಂಡ ಅಸ್ಗರನಿಗೆ ಶಿವಾಜಿನಗರದಲ್ಲಿ ಹಳೆ ಗಾಡಿಗಳ ಬಿಡಿಭಾಗದ ಅಂಗಡಿಯಿದೆ. ಶಿಕ್ಷೆ ಮುಗಿಸಿ ಬಂದ ಮಾನಪ್ಪ ಅಲ್ಲಿ ಸಾಮಾನು ಎತ್ತಿಡುವ ಕೆಲಸಕ್ಕಿದ್ದಾನಂತೆ. ಗಾಡಿ ಸ್ವಲ್ಪ ಹಿಂದಕ್ಕೆ ತೆಗೆ ಅಂದರೂ ಕೈ ನಡುಗುತ್ತದಂತೆ. ಸ್ಟೀರಿಂಗ್ ಮುಟ್ಟುವುದಿಲ್ಲವಂತೆ. ಹೇಳಲೋ ಬೇಡವೋ ಎಂದು ಒದ್ದಾಡಿ ಒದ್ದಾಡಿ ಕುಲ್ಸುಂ ಕೊನೆಗೆ ಹೇಳಿದಳು. ಅಂದಿನಿಂದ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ನಡುಗುವ ಕೈ ಕಾಣುತ್ತದೆ. ಕರ್ತನು ಇಷ್ಟು ವರ್ಷ ನನ್ನಿಂದ ಏನನ್ನೂ ಕೇಳಿರಲಿಲ್ಲ, ಇದೊಂದನ್ನು ಕೇಳುತ್ತಿದ್ದಾನೆ ಅನ್ನಿಸುತ್ತದೆ.

ನಿನ್ನ ಜಯಶೀಲಾ


ಸರ್ವಜ್ಞನಗರ
೧೮ ಮಾರ್ಚ್ ೨೦೨೪

ರೂತ್,

ನಿನ್ನ ಕಾರ್ಡ್ ಬಂತು. ‘ಮಾಡುವುದಾದರೆ ಮಾಡು, ಆದರೆ ಯಾಕೆ ಮಾಡುತ್ತಿದ್ದೀ ಎಂದು ನಿನ್ನನ್ನೇ ಕೇಳಿಕೋ’ ಎಂದು ಬರೆದಿದ್ದೀ. ನಿನ್ನ ಕಿವಿ ಮಂದವಾದಷ್ಟೂ ಬುದ್ಧಿ ಚುರುಕಾಗುತ್ತಿದೆ, ಮಹಾರಾಯ್ತಿ. ಆ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಲಿಲಿಯನ್ ಟೀಚರ್ ಮನೆಗೆ ಬಂದಿದ್ದರು. ಕಾಫಿ ಬೇಡ ಅಂದರು. ಅವರು ಕಾಫಿ ಬೇಡ ಅಂದಾಗಲೇ ನನಗೆ ಗೊತ್ತಾಯಿತು, ಇದು ಬರಿಯ ಮಾತುಕತೆಯಲ್ಲ ಎಂದು. ಕೂಟದವರೆಲ್ಲ ಸೇರಿ ಮಾತಾಡಿದ್ದಾರಂತೆ. ಆ ಮನುಷ್ಯ ನಮ್ಮ ಸಭೆಯವನಲ್ಲ, ಕ್ರೈಸ್ತನೂ ಅಲ್ಲ, ಯಾರಾದರೂ ಫೋನಿನಲ್ಲಿ ವಿಡಿಯೋ ಹಿಡಿದು ಮತಾಂತರ ಅಂತ ಹಾಕಿದರೆ ಅಯ್ಯನವರ ತಲೆಗೆ ಬರುತ್ತದೆ ಎಂದರು. ಅದು ಸುಳ್ಳಲ್ಲ, ಕಾಲ ಹಾಗಿದೆ. ಆಮೇಲೆ ಅವರ ದನಿ ಒಡೆಯಿತು.

“ಸುಜಯನ್ನ ನಾವೂ ಎತ್ತಿ ಆಡಿಸಿದೀವಿ ಜಯಾ. ಅವನ್ನ ಕೊಂದೋನ ಕಾಲ ಹತ್ರ ನೀನು ಕೂರೋದನ್ನ ನಾವು ನೋಡ್ಬೇಕಾ? ನಾವು ಅತ್ತಿದ್ದಕ್ಕೆಲ್ಲ ಏನರ್ಥ?”

ತನ್ನನ್ನು ಹಿಡಿದುಕೊಡಲಿದ್ದ ಶಿಷ್ಯನ ಕಾಲನ್ನೂ ಕರ್ತನು ಅದೇ ಸಂಜೆ ತೊಳೆದನಲ್ಲ ಟೀಚರ್, ಗೊತ್ತಿದ್ದೂ ತೊಳೆದನಲ್ಲ ಎಂದೆ.

“ಅವನು ದೇವಕುಮಾರ. ನೀನು ರಿಟೈರ್ಡ್ ನರ್ಸ್,” ಅಂದರು.

ನಗು ಬರಬೇಕಿತ್ತು, ಇಬ್ಬರಿಗೂ ಬರಲಿಲ್ಲ. ಅವನು ಬಂದರೆ ಕೂಟದ ಯಾರೂ ಅಲ್ಲಿ ಕೂರುವುದಿಲ್ಲ, ತಾವೂ ಇನ್ನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿ ಹೋದರು. ಅವರ ಕೊಡೆ ಇಲ್ಲೇ ಉಳಿದಿದೆ. ಹಿಂದಿರುಗಿಸಲು ಧೈರ್ಯವಾಗುತ್ತಿಲ್ಲ. ಅದು ಇಲ್ಲಿದ್ದರೆ ತೆಗೆದುಕೊಂಡು ಹೋಗಲಾದರೂ ಬಂದಾರು ಎಂಬ ಆಸೆ.

ಆದರೂ ಶಿವಾಜಿನಗರಕ್ಕೆ ಹೋದೆ. ಕುಲ್ಸುಂ ಜೊತೆಗೆ ಬಂದಳು. ಅಂಗಡಿಯ ತುಂಬ ಬಂಪರುಗಳು, ದೀಪಗಳು, ಕಿತ್ತ ಬಾಗಿಲುಗಳು. ಅವುಗಳ ನಡುವೆ ಅವನು ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ. ಕೋರ್ಟಿನಲ್ಲಿ ದೊಡ್ಡ ಆಳಾಗಿ ಕಂಡಿದ್ದವನು, ರೂತ್, ಇಲ್ಲಿ ಎಷ್ಟು ಚಿಕ್ಕವನಾಗಿದ್ದ. ನನ್ನನ್ನು ಕಂಡದ್ದೇ ತುತ್ತು ಕೆಳಗಿಟ್ಟು ಎದ್ದು ನಿಂತ. ನಾನು ಬಂದ ವಿಷಯ ಹೇಳಿದೆ, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಒಂದೇ ಉಸಿರಿಗೆ. ಅವನ ಮುಖ ಬಿಳಿಚಿಕೊಂಡಿತು.

“ಬ್ಯಾಡ್ರಿ ಯವ್ವಾ. ತಾಯಿ ವಯಸ್ಸಿನವ್ರು ಕಾಲು ಮುಟ್ಟಿದ್ರ ನಮ್ಮ ಆಯುಷ್ಯ ಹೋಗ್ತದ್ರಿ. ಶಾಪ ಹಾಕೋದಿದ್ರ ಬಾಯಿಂದ ಹಾಕ್ರಿ, ಹಿಂಗ ಹಾಕಬ್ಯಾಡ್ರಿ.”

ಅವನು ಯಾದಗಿರಿ ಕಡೆಯವನು. ನಾನೂ ಆ ಸೀಮೆಯಲ್ಲೇ ಬೆಳೆದವಳು. ಹಿರಿಯರು ಕಿರಿಯರ ಕಾಲು ಮುಟ್ಟಬಾರದು, ಮುಟ್ಟಿದರೆ ಕಿರಿಯರಿಗೆ ಕೇಡು ಎಂಬುದು ನನಗೆ ಗೊತ್ತಿಲ್ಲದ ಮಾತೇ? ಪಾರ್ಲರಿಗೆ ಹೋಗಿ ಬಂದ ಕಾಲುಗಳನ್ನು ತೊಳೆದು ತೊಳೆದು ಮರೆತೇಬಿಟ್ಟಿದ್ದೆ. ನಾನು ಕ್ಷಮೆ ಎಂದು ಹೊತ್ತುಕೊಂಡು ಹೋದದ್ದು ಅವನಿಗೆ ಸಾವಿನ ಶಾಪವಾಗಿ ಕಂಡಿತು. ಬಸ್ಸಿನಲ್ಲಿ ಬರುವಾಗ ಕುಲ್ಸುಂ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ಆ ಮಧ್ಯಾಹ್ನ ಮಲಗಿದಾಗ ಇಡೀ ಬೀದಿಯಲ್ಲಿ ಬಿದ್ದ ಹೂಗಳ ಮೇಲೆ ಖಾಲಿ ಬೋಗುಣಿಗಳು ಸಾಲಾಗಿ ತೇಲಿ ಹೋಗುತ್ತಿದ್ದಂತೆ ಕಂಡಿತು. ಸುಜಯ ಅವನ್ನು ನೋಡುತ್ತ ಹೊಸ್ತಿಲಾಚೆ ನಿಂತಿದ್ದ. ಒಳಗೆ ಬಾರೋ ಅಂದೆ. ‘ಕಾಲು ಕೊಳೆ ಇದೆಯಲ್ಲಮ್ಮಾ’ ಅಂದ.

ನನಗಾಗಿ ಪ್ರಾರ್ಥಿಸು. ಜೋರಾಗಿ ಪ್ರಾರ್ಥಿಸು, ನಿನಗೂ ಕೇಳಿಸಲಿ.

ಜಯಶೀಲಾ


ಸರ್ವಜ್ಞನಗರ
೧ ಏಪ್ರಿಲ್ ೨೦೨೪, ಈಸ್ಟರಿನ ಮಾರನೆಯ ದಿನ

ನನ್ನ ರೂತ್,

ಕರ್ತನು ಎದ್ದಿದ್ದಾನೆ. ನಾನು ಇನ್ನೂ ಪೂರ್ತಿ ಎದ್ದಿಲ್ಲ, ಹಾಸಿಗೆಯಲ್ಲಿ ದಿಂಬಿಗೊರಗಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸು.

ಈಸ್ಟರಿನ ಹಿಂದಿನ ವಾರ, ಗರಿಗಳ ಭಾನುವಾರ ಆರಾಧನೆ ಮುಗಿದ ಮೇಲೆ ಪ್ರಕಟಣೆ ಓದಿದರು. ಗುರುವಾರ ಸಭೆಯ ಸದಸ್ಯರನ್ನು ಮಾತ್ರ ಕರೆತರಬೇಕು ಎಂದು. ನನ್ನ ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಪಾಪ, ಅಯ್ಯನವರು ತಲೆ ಎತ್ತದೆ ಓದಿದರು. ಬೋಗುಣಿ, ಟವಲುಗಳ ಜವಾಬ್ದಾರಿ ಇಷ್ಟು ವರ್ಷ ನನ್ನದಾಗಿತ್ತು. ಅದನ್ನು ಬೇರೊಬ್ಬಳಿಗೆ ಕೊಟ್ಟರು. ಕೈಯಲ್ಲಿ ತಾಳೆಗರಿ ಹಿಡಿದುಕೊಂಡು ಹೊರಗೆ ಬಂದಾಗ ಪ್ರತಿ ವಾರ ನನ್ನ ತೋಳು ಹಿಡಿದು ಮೆಟ್ಟಿಲು ಇಳಿಸುವವರು ಯಾರೂ ಹತ್ತಿರ ಬರಲಿಲ್ಲ. ನಾನೇ ಕಂಬಿ ಹಿಡಿದು ಇಳಿದೆ. ಸುಳ್ಳು ಯಾಕೆ ಹೇಳಲಿ, ಆ ದಿನ ಬಹಳ ಅತ್ತೆ. ಎಲ್ಲರಿಗೂ ಸರಿ ಕಂಡದ್ದು ನನಗೊಬ್ಬಳಿಗೇ ಯಾಕೆ ತಪ್ಪಾಗಿ ಕಾಣಬೇಕು? ಆ ಮನುಷ್ಯನೂ ಬೇಡ ಅಂದಿದ್ದಾನೆ. ಬಿಟ್ಟುಬಿಡು ಜಯಾ ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಗುರುವಾರ ಬೆಳಿಗ್ಗೆ ಟೀಚರಿಗೆ ಫೋನ್ ಮಾಡಿ ತಪ್ಪಾಯಿತು ಎನ್ನಲು ಕೈ ಹೋಯಿತು. ಹೇಳಿದ್ದರೆ ಸಂಜೆಗೆ ಎಲ್ಲರೂ ನನ್ನ ಮನೆಯಲ್ಲಿರುತ್ತಿದ್ದರು. ಫೋನ್ ಕೆಳಗಿಟ್ಟೆ. ಯಾಕೆ ಇಟ್ಟೆ ಎಂದು ಕೇಳಿದರೆ, ಇಟ್ಟೆ, ಅಷ್ಟೇ ಗೊತ್ತು. ಯೇಸುವಿನ ಮುಖ ನೋಡಿಕೊಂಡು ಆ ಮಾತು ಹೇಳಲಾಗಲಿಲ್ಲ.

ಸಂಜೆ ಚರ್ಚಿನ ಗಂಟೆ ಬಾರಿಸಿತು. ನಮ್ಮ ಮನೆಗೆ ಹಾಡು ಕೇಳಿಸುತ್ತದೆ. ಅವರೆಲ್ಲ ಹಾಡುತ್ತಿದ್ದರು, ನಾನು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಇಲ್ಲಿಂದಲೇ ನನ್ನ ದನಿ ಸೇರಿಸುತ್ತಿದ್ದೆ. ಆಕಾಶ ಹೂವಿನ ಬಣ್ಣಕ್ಕೇ ತಿರುಗಿತ್ತು, ಎಲ್ಲಿ ಮರ ಮುಗಿಯಿತು ಎಲ್ಲಿ ಆಕಾಶ ಶುರುವಾಯಿತು ತಿಳಿಯುತ್ತಿರಲಿಲ್ಲ. ಆಗ ಗೇಟಿನ ಸದ್ದಾಯಿತು.

ಮಾನಪ್ಪ ಬಂದಿದ್ದ. ಚಪ್ಪಲಿಯನ್ನು ಗೇಟಿನಾಚೆಯೇ ಬಿಟ್ಟಿದ್ದ. ತಲೆಗೆ ನೀರು ಹಾಕಿಕೊಂಡು, ಒಗೆದ ಅಂಗಿ ತೊಟ್ಟು ಬಂದಿದ್ದ. ಕಣ್ಣು ಮೇಲೆತ್ತಲಿಲ್ಲ.

“ಯವ್ವಾ, ನಿಮ್ಮ ಕಾಲು ನಾ ತೊಳಿತೀನ್ರಿ. ಅದು ನಡೀತದ್ರಿ.”

ಮನೆಯಲ್ಲಿ ನೀರಿರಲಿಲ್ಲ ರೂತ್, ಕುಡಿಯಲು ಇಟ್ಟ ಒಂದು ಫಿಲ್ಟರ್ ಬಿಟ್ಟರೆ. ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಕುಲ್ಸುಂ ತುಂಬಿದ ಬಿಂದಿಗೆ ತಂದಳು. ಅವರಿಗದು ರಂಜಾನ್ ತಿಂಗಳು. ದಿನವಿಡೀ ಉಪವಾಸವಿದ್ದು, ಇಫ್ತಾರಿಗೆ ಎತ್ತಿಟ್ಟಿದ್ದ ನೀರನ್ನೇ ನನ್ನ ಜಗಲಿಗೆ ತಂದು ಇಳಿಸಿದಳು. ಬೇಡ ಅಂದರೆ ಕೇಳುವವಳೇ?

ನಿಜ ಹೇಳುತ್ತೇನೆ, ನನಗೆ ಕಾಲು ಮುಂದಿಡಲು ಮನಸ್ಸಾಗಲಿಲ್ಲ. ನಾನು ತೊಳೆಯಬೇಕು ಅಂದುಕೊಂಡಿದ್ದವಳು. ತೊಳೆಯುವುದರಲ್ಲಿ ಒಂದು ದೊಡ್ಡಸ್ತಿಕೆ ಇದೆ. ತೊಳೆಸಿಕೊಳ್ಳುವುದರಲ್ಲಿ ಅದಿಲ್ಲ. ನನ್ನ ಕಾಲು ನೀನು ತೊಳೆಯಕೂಡದು ಎಂದು ಹಟ ಹಿಡಿದ ಶಿಷ್ಯನ ನೆನಪಾಯಿತು. ಅವನ ಸಂಕಟ ಏನೆಂದು ಈ ವಯಸ್ಸಿನಲ್ಲಿ ತಿಳಿಯಿತು. ಕಡೆಗೆ ಸೀರೆ ಸ್ವಲ್ಪ ಎತ್ತಿ ಕಾಲಿಟ್ಟೆ. ಒಡೆದ ಹಿಮ್ಮಡಿ, ಊದಿದ ಪಾದ, ವ್ಯಾಸಲೀನ್ ಇಲ್ಲ ಏನಿಲ್ಲ. ಅವನು ಒಂದೊಂದು ಬೆರಳ ಸಂದಿಯನ್ನೂ ತೊಳೆದ, ತಾಯಂದಿರು ಮಕ್ಕಳಿಗೆ ತೊಳೆಯುವ ಹಾಗೆ. ಮೊದಲು ನಡುಗುತ್ತಿದ್ದ ಕೈ ಆಮೇಲೆ ಸ್ಥಿರವಾಯಿತು.

ಅವನು ಏಳುವಾಗ ನಾನು ಕುರ್ಚಿಯಿಂದ ಇಳಿದು ಕೂತುಬಿಟ್ಟೆ, ಮಂಡಿ ಲಟಕ್ಕೆಂದಿತು. ಉಳಿದ ನೀರನ್ನು ಅವನ ಪಾದಕ್ಕೆ ಸುರಿದೆ. ಅವನು ‘ಯವ್ವಾ’ ಎಂದು ಹಿಂದೆ ಸರಿಯುವುದರೊಳಗೆ ನನ್ನ ಕೈ ತಗುಲಿಯಾಗಿತ್ತು. ತಕ್ಷಣ ಬಗ್ಗಿ ನನ್ನ ಎರಡೂ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಹೋಗುತ್ತಿದ್ದ ಆಯುಷ್ಯವನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸುವವನ ಅವಸರ.

“ಆಯ್ತಲ್ಲ, ಇಬ್ರದೂ ಬರಾಬರ್,” ಅಂದಳು ಕುಲ್ಸುಂ. ಅಷ್ಟರಲ್ಲಿ ಮಸೀದಿಯ ಕೂಗಾಯಿತು. ಓಡಿಹೋಗಿ ಖರ್ಜೂರದ ತಟ್ಟೆ ತಂದಳು. ನನ್ನ ಜಗಲಿಯಲ್ಲಿ ಮೂವರೂ ಒಂದೊಂದು ತಿಂದೆವು. ನೂರು ವರ್ಷ ಬಾಳಪ್ಪಾ ಅಂದೆ ಅವನಿಗೆ. ಆಗ ಅತ್ತ. ಬಹಳ ಹೊತ್ತು ಅತ್ತ.

ನಿನ್ನೆ ಬೆಳಕು ಹರಿಯುವ ಮುಂಚೆ ಕಲ್ಪಳ್ಳಿ ಸ್ಮಶಾನದಲ್ಲಿ ಈಸ್ಟರ್ ಆರಾಧನೆ. ಸಮಾಧಿಗಳ ಮೇಲೆಲ್ಲ ಮೇಣದಬತ್ತಿ, ಮಂಜಿನಂಥ ಹೊಗೆ, ಸಂಪಿಗೆಯ ವಾಸನೆ. ಮುಖಗಳು ಕಾಣುವುದಿಲ್ಲ, ದೀಪಗಳಷ್ಟೇ ಓಡಾಡುತ್ತವೆ. ಸತ್ತವರು ಯಾರು, ಹಾಡುವವರು ಯಾರು ಎಂದು ಒಂದು ಗಳಿಗೆ ಗೊಂದಲವಾಗುತ್ತದೆ. ಆ ಗೊಂದಲ ನನಗೆ ಇಷ್ಟ. ಸುಜಯನ ಕಲ್ಲಿನ ಬಳಿ ಪ್ರತಿ ವರ್ಷ ಕೂಟದವರೆಲ್ಲ ನನ್ನ ಸುತ್ತ ನಿಲ್ಲುತ್ತಿದ್ದರು. ನಿನ್ನೆ ಒಬ್ಬಳೇ ನಿಂತೆ. ಗುರುವಾರದ ಸುದ್ದಿ ಅವರಿಗೆ ಮುಟ್ಟಿತ್ತು, ಈ ಬೀದಿಯಲ್ಲಿ ಯಾವುದು ಮುಟ್ಟುವುದಿಲ್ಲ? ಲಿಲಿಯನ್ ಟೀಚರ್ ಆಚೆ ಸಾಲಿನಲ್ಲಿ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ. ಆದರೆ ಹೋಗುವಾಗ ಸುಜಯನ ಕಲ್ಲಿನ ಇನ್ನೊಂದು ತುದಿಯಲ್ಲಿ ಒಂದು ಬತ್ತಿ ಹಚ್ಚಿಟ್ಟು ಹೋಗಿದ್ದರು. ಅವನಿಗೆ ಮಾತ್ರ, ನನಗಲ್ಲ. ಇರಲಿ.

ನಿನ್ನ ಮೊಮ್ಮಕ್ಕಳಿಗೆ ಈ ಅಜ್ಜಿಯ ಮುತ್ತು. ನಿನ್ನ ಮನೆಯ ಮೇಲೆ ಕರ್ತನ ಕಣ್ಣು ಹಗಲೂ ರಾತ್ರಿ ಇರಲಿ, ನಿನ್ನ ಕಿವಿಗೆ ದೇವದೂತರ ಹಾಡಾದರೂ ಕೇಳಿಸಲಿ.

ಎಂದೆಂದೂ ನಿನ್ನವಳು,
ಜಯಶೀಲಾ

ತಾ.ಕ.: ಯಾಕೆ ಮಾಡುತ್ತಿದ್ದೀ ಎಂದು ಕೇಳಿದ್ದೆಯಲ್ಲ. ಇದನ್ನು ಬರೆಯಬಾರದೆಂದಿದ್ದೆ, ಆದರೆ ನಿನಗಲ್ಲದೆ ಯಾರಿಗೆ ಹೇಳಲಿ?

ಅಪಘಾತವಾದ ದಿನ ಆಸ್ಪತ್ರೆಯಲ್ಲಿ ನನ್ನನ್ನು ಸುಜಯನ ಹತ್ತಿರ ಬಿಡಲಿಲ್ಲ. ಬಾಗಿಲಲ್ಲಿ ನನ್ನನ್ನು ತಬ್ಬಿ ಹಿಡಿದವರು ಲಿಲಿಯನ್ ಟೀಚರ್. ‘ನೋಡಬೇಡ ಜಯಾ, ಹೇಗಿದ್ದನೋ ಹಾಗೇ ನೆನಪಲ್ಲಿ ಇಟ್ಕೋ’ ಅಂದರು. ಪ್ರೀತಿಯಿಂದಲೇ ಅಂದರು, ಬಿಡಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ಪೆಟ್ಟಿಗೆ ಮುಚ್ಚಿಕೊಂಡೇ ಮನೆಗೆ ಬಂತು. ನಿನಗೆ ಗೊತ್ತು, ವಾರ್ಡಿನಲ್ಲಿ ಯಾರು ಯಾರನ್ನೋ ತೊಳೆದು, ಬಟ್ಟೆ ಉಡಿಸಿ ಕಳಿಸಿದ ಕೈ ಇದು. ನನ್ನ ಮಗನ ಕಾಲು ಮಾತ್ರ ಈ ಕೈಗೆ ಸಿಗಲಿಲ್ಲ. ಮಾನಪ್ಪನನ್ನು ಕ್ಷಮಿಸುವುದು ಕಷ್ಟವಾಗಲಿಲ್ಲ ರೂತ್. ಟೀಚರನ್ನು ಕ್ಷಮಿಸಲು ಇಷ್ಟು ದಿನ ಆಗಿರಲಿಲ್ಲ.

ಮಾನಪ್ಪ ನನ್ನ ಕಾಲು ತೊಳೆಯುತ್ತಿದ್ದಾಗ ಒಂದು ಮಾತು ಕೇಳಿದೆ. ನನ್ನ ಮಗನ ಕಾಲು ಹೇಗಿತ್ತಪ್ಪಾ ಎಂದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ. “ಮಳಿ ಬಂದಿತ್ರಿ. ಚಪ್ಪಲಿ ಹಾರಿ ಹೋಗಿದ್ವು, ಕಾಲೆಲ್ಲ ಕೆಸರಾಗಿತ್ತು. ನಾ ಟ್ಯಾಂಕರ್ ಪೈಪ್ ಬಿಚ್ಚಿ ನೀರು ಕುಡಿಸ್ದೆ, ಮುಖ ಕಾಲು ತೊಳದೆ ಯವ್ವಾ. ‘ಸಾಕಣ್ಣಾ’ ಅಂದ್ರು.”

ನಾಳೆ ಆ ಕೊಡೆ ಹಿಡಿದುಕೊಂಡು ಟೀಚರ್ ಮನೆಗೆ ಹೋಗುತ್ತೇನೆ. ಬಾಗಿಲು ತೆಗೆಯುತ್ತಾರೋ ಇಲ್ಲವೋ.

ಈ ಮಧ್ಯಾಹ್ನ ಸುಜಯ ಬಂದಿದ್ದ. ಹೊಸ್ತಿಲಾಚೆ ನಿಲ್ಲಲಿಲ್ಲ, ಒದ್ದೆ ಕಾಲಿನಲ್ಲೇ ಸೀದಾ ಒಳಗೆ ಬಂದ. ನೆಲದ ತುಂಬ ಹೆಜ್ಜೆ ಮಾಡಿದ. ನಾನು ಬೈಯಲಿಲ್ಲ.